ಹುಲ್ಲು, ಸುಳ್ಳು, ಎದುರು ಮನೆಯ ಭಾನುವಾರ

ಬಸವೇಶ್ವರನಗರ, ಮೂರನೇ ಹಂತ

ಸಮುದ್ರ ದಾಟುವುದು ಪಾಪ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದ ಪುರೋಹಿತ ನಾನು. ಬರೀ ಹೇಳಿ ಸುಮ್ಮನಾಗಿದ್ದರೆ ಆಗಿತ್ತು. ರಾಜಾಜಿನಗರದ ಗೃಹಸ್ಥರೊಬ್ಬರು ಮಸ್ಕತ್ತಿನಿಂದ ಬಂದು ಮಗಳ ಮದುವೆ ಮಾಡಿಸಲು ಕರೆದಾಗ, ಮೊದಲು ನಿಮ್ಮ ಪ್ರಾಯಶ್ಚಿತ್ತ ಆಗಲಿ ಎಂದು ಪಟ್ಟು ಹಿಡಿದು, ಮಾಘದ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿಸಿ ಪಂಚಗವ್ಯ ಕುಡಿಸಿದ್ದೆ. ಅವರು ಮುಖ ಕಿವುಚಿಕೊಂಡು ಕುಡಿಯುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅಂಥ ನನಗೆ ಐವತ್ತೆಂಟನೇ ವಯಸ್ಸಿನಲ್ಲಿ ನ್ಯೂಜಿಲೆಂಡಿಗೆ ಟಿಕೆಟ್ ಬಂತು.

ಕಳಿಸಿದವಳು ಭಾಗ್ಯ. ಹೊಸಹಳ್ಳಿಯ ಹುಡುಗಿ, ಅವಳ ನಾಮಕರಣವನ್ನೂ ಮದುವೆಯನ್ನೂ ನಾನೇ ಮಾಡಿಸಿದ್ದು. ಈಗ ಹ್ಯಾಮಿಲ್ಟನ್ ಎಂಬ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಗಂಡ ಗಿರೀಶ ಅದೇ ಊರಿನ ಸಿಟಿ ಬಸ್ಸಿನ ಡ್ರೈವರ್. ಅಲ್ಲಿನ ಇಪ್ಪತ್ತು ಕನ್ನಡ ಕುಟುಂಬಗಳು ಸೇರಿ ಆಷಾಢ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದವು. ಆಷಾಢದಲ್ಲಿ ನಮ್ಮ ಕಸುಬಿನವರಿಗೆ ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಮನೆಯಲ್ಲಿ ನೊಣ ಹೊಡೆಯುತ್ತ ಕೂರುವ ಬದಲು ಹೋಗಿ ಬರೋಣ ಎಂದುಕೊಂಡೆ.

"ಸಮುದ್ರ ದಾಟಬಾರದು ಅಂತಿದ್ರಲ್ಲ?" ಎಂದಳು ಹೆಂಡತಿ ಸಾವಿತ್ರಿ.

"ಹಡಗಲ್ಲಿ ದಾಟಬಾರದು ಕಣೇ. ವಿಮಾನ ನೀರು ಮುಟ್ಟಲ್ವಲ್ಲ."

"ಆಷಾಢದಲ್ಲಿ ಹೊಸದಾಗಿ ಏನೂ ಶುರು ಮಾಡಬಾರದು ಅಂತಿದ್ರಿ."

"ಅಲ್ಲಿ ಋತುಗಳೆಲ್ಲ ತಿರುಗುಮುರುಗು. ನಮ್ಮ ಆಷಾಢ ಅಲ್ಲಿಗೆ ಅನ್ವಯಿಸಲ್ಲ."

"ಒಳ್ಳೇ ರಬ್ಬರ್ ಬ್ಯಾಂಡ್ ಥರ ಇದೆ ಕಣ್ರೀ ನಿಮ್ಮ ಶಾಸ್ತ್ರ," ಎಂದು ಅವಳು ಒಳಗೆ ಹೋದಳು.

ಹೊರಡುವ ಮೊದಲು ಇನ್ನೊಂದು ಕೆಲಸ ಮುಗಿಸಿದೆ. ಈ ಪ್ರವಾಸದ ಕಥೆ ನಿಜವಾಗಿ ಆ ಕೆಲಸದ ಕಥೆಯೇ. ನಮ್ಮ ಎದುರು ಮನೆಯ ಮಹಡಿಯಲ್ಲಿ ಮಾರ್ತಮ್ಮ ಎಂಬ ವಿಧವೆ ಬಾಡಿಗೆಗಿದ್ದರು. ರಾಯಚೂರು ಕಡೆಯವರು. ಸೀರೆಗಳಿಗೆ ಫಾಲ್ಸ್ ಹೊಲಿದು ಜೀವನ. ಭಾನುವಾರ ಹತ್ತು ಗಂಟೆಗೆ ಅವರ ಮನೆಯಲ್ಲಿ ಹದಿನೈದು ಜನ ಸೇರಿ ಏಸುವಿನ ಹಾಡು ಹೇಳುತ್ತಿದ್ದರು. ಸೆಕ್ಯುರಿಟಿ ಕೆಲಸದವರು, ಮನೆಗೆಲಸದವರು, ಗಾರೆ ಕೆಲಸದವರು. ಒಂದು ಕಂಜಿರ ಬಿಟ್ಟರೆ ವಾದ್ಯವೂ ಇರಲಿಲ್ಲ. ವಾಸದ ಮನೆಯನ್ನು ಪ್ರಾರ್ಥನಾ ಮಂದಿರ ಮಾಡಿಕೊಂಡಿದ್ದಾರೆ ಎಂದು ನಮ್ಮ ಬಡಾವಣೆ ಸಂಘದ ಅಧ್ಯಕ್ಷ ರಂಗಸ್ವಾಮಯ್ಯನವರಿಗೆ ಬಹಳ ಸಿಟ್ಟು. ಮನೆಯ ಓನರ್ ಪುಟ್ಟಸ್ವಾಮಿ ವಿಜಯನಗರದಲ್ಲಿದ್ದ. ಅವನ ಮನೆಯ ಗೃಹಪ್ರವೇಶ ಮಾಡಿಸಿದವನೂ ನಾನೇ. "ಶಾಸ್ತ್ರಿಗಳು ಒಂದು ಮಾತು ಬರೆದುಕೊಟ್ರೆ ನಾಳೆಯೇ ಖಾಲಿ ಮಾಡಿಸ್ತೀನಿ," ಎಂದಿದ್ದನಂತೆ.

ನನ್ನ ಅಕ್ಷರ ಚೆನ್ನಾಗಿದೆ ಎಂಬ ಹೆಸರು ಬೇರೆ ಇತ್ತು. ಬರೆದೆ. ಶಾಂತಿಭಂಗ ಎಂದು ಬರೆದೆ. ಮುಗ್ಧರನ್ನು ದಾರಿ ತಪ್ಪಿಸುವ ಪಾಪಕಾರ್ಯ ಎಂದೂ ಬರೆದೆ. ಮೊದಲ ಸಹಿ ನನ್ನದು, ಕೆಳಗೆ ಬಡಾವಣೆಯ ಇಪ್ಪತ್ತೆರಡು ಜನರದು. ನಮ್ಮ ಮನೆಯ ಕೆಳಗಿನ ಹಾಲ್‌ನಲ್ಲಿ ನನ್ನ ವೇದಪಾಠದ ಹನ್ನೆರಡು ಹುಡುಗರು ಬೆಳಿಗ್ಗೆ ಐದಕ್ಕೇ ಗಂಟಲು ಹರಿಯುವ ಹಾಗೆ ಮಂತ್ರ ಹೇಳುವುದು, ನನ್ನ ಹೋಮದ ಹೊಗೆಯೆಲ್ಲ ಮಾರ್ತಮ್ಮನ ಕಿಟಕಿಗೇ ಹೋಗುವುದು, ಇವು ಆಗ ನೆನಪಿಗೆ ಬರಲಿಲ್ಲ. ಆಕೆ ಕೆಮ್ಮಿದ್ದನ್ನು ಕೇಳಿದ್ದೇನೆ. ತಕರಾರು ಹೇಳಿದ್ದನ್ನು ಕೇಳಿಲ್ಲ.

"ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ, ಕಾಗದ ನಾನು ತಲುಪಿಸ್ತೀನಿ," ಎಂದರು ರಂಗಸ್ವಾಮಯ್ಯ. ಆಗ ವಿಮಾನ ನಿಲ್ದಾಣ ಊರೊಳಗೇ ಇತ್ತು. ಆಟೋದಲ್ಲಿ ಹೋಗಿ ವಿಮಾನ ಹತ್ತಿದೆ.

ಸಮುದ್ರದ ಮೇಲೆ

ಟಿಕೆಟ್ ಮಾಡಿಸುವಾಗ ಗಿರೀಶ ಫೋನಿನಲ್ಲಿ ಕೇಳಿದ್ದ: "ಶಾಸ್ತ್ರಿ ಮಾಮ, ವಿಮಾನದಲ್ಲಿ ಊಟ ಯಾವ್ದು ಹಾಕ್ಲಿ? ಇಲ್ಲಿ ಪಟ್ಟೀಲಿ ವೆಜಿಟೇರಿಯನ್ ಇದೆ, ಹಿಂದೂ ಇದೆ, ಜೈನ್ ಇದೆ."

"ಇದೂ ಒಂದು ಪ್ರಶ್ನೆಯೇನಯ್ಯ? ಹಿಂದೂ ಹಾಕು," ಎಂದಿದ್ದೆ, ಎದೆಯುಬ್ಬಿಸಿ.

ಸಿಂಗಪುರ ದಾಟಿದ ಮೇಲೆ ಎಲ್ಲರಿಗಿಂತ ಮೊದಲು ನನಗೆ ತಟ್ಟೆ ಬಂತು. ಮೇಲೆ ನನ್ನ ಹೆಸರು, ಪಕ್ಕದಲ್ಲಿ ಹಿಂದೂ ಎಂಬ ಚೀಟಿ. ಸುತ್ತಲಿದ್ದವರು ಹಸಿದ ಮುಖದಲ್ಲಿ ನೋಡುತ್ತಿದ್ದಾಗ, ಧರ್ಮವನ್ನು ಬಿಡದವರಿಗೆ ಧರ್ಮ ಹೀಗೆ ಮೊದಲ ಪಂಕ್ತಿ ಕೊಡುತ್ತದೆ ಎಂದುಕೊಂಡು ತಟ್ಟೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ ಊಟಕ್ಕೆ ಕೈಯಿಟ್ಟೆ. ಅನ್ನ, ಮೇಲೆ ಕೆಂಪು ಗೊಜ್ಜು, ಅದರಲ್ಲಿ ಮೆತ್ತಗಿನ ತುಂಡುಗಳು. ಸಾವಿತ್ರಿ ಸಾಗುವಿಗೆ ಸೋಯಾ ತುಂಡು ಹಾಕುತ್ತಾಳಲ್ಲ, ಅದೇ ಎಂದುಕೊಂಡೆ. ಸಾವಿತ್ರಿಯದಕ್ಕಿಂತ ಚೆನ್ನಾಗಿತ್ತು. ತಟ್ಟೆ ಬರಿದು ಮಾಡಿದೆ.

ಪಕ್ಕದಲ್ಲಿ ಕೆಂಗೇರಿಯ ಒಬ್ಬ ಹೆಂಗಸು ಕುಳಿತಿದ್ದರು. ಮಗಳ ಬಾಣಂತನಕ್ಕೆ ಮೂರನೇ ಸಲ ಹೊರಟವರು. ನನ್ನ ಜುಟ್ಟು ನೋಡಿದರು, ವಿಭೂತಿ ನೋಡಿದರು, ಖಾಲಿ ತಟ್ಟೆ ನೋಡಿದರು.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಕೋಳಿ ತಿಂತೀರಾ?"

"ಛೆ ಛೆ! ಎಲ್ಲಾದ್ರೂ ಉಂಟೇ?"

"ಮತ್ತೆ ಈಗ ತಿಂದ್ರಲ್ಲ. ಇವ್ರ ಲೆಕ್ಕದಲ್ಲಿ ಹಿಂದೂ ಊಟ ಅಂದ್ರೆ ದನ ಹಂದಿ ಇರಲ್ಲ, ಅಷ್ಟೇ. ಕೋಳಿ ಹಾಕ್ತಾರೆ. ಸಸ್ಯಾಹಾರ ಬೇಕಂದ್ರೆ ಸಸ್ಯಾಹಾರ ಅಂತಲೇ ಬರೆಸ್ಬೇಕು."

ತಟ್ಟೆಯ ಮೇಲಿನ ಚೀಟಿಯನ್ನು ಇನ್ನೊಮ್ಮೆ ಓದಿದೆ. ನನ್ನ ಮುಖ ನೋಡಿ ಆಕೆಗೆ ಕನಿಕರ ಬಂತು. "ಬಿಡಿ ಸಾರ್. ಗೊತ್ತಿಲ್ದೆ ತಿಂದಿದ್ದು ಪಾಪ ಅಲ್ಲ," ಎಂದು ಹೇಳಿ ಕಂಬಳಿ ಹೊದ್ದು ಮಲಗಿಬಿಟ್ಟರು.

ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಯಾರಿಗೂ ಇಷ್ಟು ಸುಲಭವಾಗಿ ಬಿಡುಗಡೆ ಕೊಟ್ಟವನಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೂ ಒಂದು ಪ್ರಾಯಶ್ಚಿತ್ತ ಹುಡುಕಿ ಇಟ್ಟವನು. ಎದ್ದು ವಿಮಾನದ ಹಿಂಬದಿಯ ಪುಟ್ಟ ಕೋಣೆಗೆ ಹೋಗಿ ಬಾಯಿ ಮುಕ್ಕಳಿಸಿ, ಅಲ್ಲೇ ನೂರೆಂಟು ಗಾಯತ್ರಿ ಶುರು ಮಾಡಿದೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕಕ್ಕಸಿನಲ್ಲಿ ಜಪ ಮಾಡುವುದು ಇನ್ನೂ ದೊಡ್ಡ ಪಾಪವೆಂದು ಆಗ ನೆನಪಾಯಿತು. ಹೊರಗೆ ಬಂದು ಕುಳಿತೆ. ನಿಜವಾದ ಸಂಕಟ ಬೇರೆಯೇ ಇತ್ತು. ಊಟ ರುಚಿಯಾಗಿತ್ತು.

ಆಕ್ಲೆಂಡ್

ಆ ದೇಶದವರು ಬಂದವರ ಧರ್ಮ ಕೇಳುವುದಿಲ್ಲ, ಸೊಪ್ಪು ಸದೆ ಇದೆಯೇ ಎಂದು ಕೇಳುತ್ತಾರೆ. ಇಳಿಯುವ ಮೊದಲೇ ಒಂದು ಕಾರ್ಡು ಕೊಟ್ಟಿದ್ದರು. ಕೋಳಿಯ ಹೆದರಿಕೆ ಇನ್ನೂ ಹೋಗಿರಲಿಲ್ಲವಾದ್ದರಿಂದ ಅದರಲ್ಲಿ ಎಲ್ಲವನ್ನೂ ನಿಜವಾಗಿ ಬರೆದಿದ್ದೆ.

ಒಂದು ಪುಟ್ಟ ನಾಯಿ ಬಂದು ನನ್ನ ಚೀಲವನ್ನು ಮೂಸಿ, ಅದರ ಪಕ್ಕದಲ್ಲಿ ಬಹಳ ಭಕ್ತಿಯಿಂದ ಕುಳಿತುಕೊಂಡಿತು. ಅಲ್ಲಿಗೆ ನನ್ನ ಮಡಿ ಮುಗಿಯಿತು. ಎತ್ತರದ ಅಧಿಕಾರಿಣಿಯೊಬ್ಬಳು ಕೈಗವಸು ಹಾಕಿಕೊಂಡು ಒಂದೊಂದನ್ನೇ ಹೊರತೆಗೆದಳು. ದರ್ಭೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗರಿಕೆ, ಮಾವಿನ ಎಲೆ, ತುಳಸಿ, ಅರಳಿಯ ಸಮಿತ್ತು. ನನಗೆ ಬರುವ ಇಂಗ್ಲಿಷು ಬ್ಯಾಂಕಿನ ಚಲನ್ ತುಂಬುವುದಕ್ಕೆ ಸಾಕಾಗುವಷ್ಟು.

"ಇದೇನು?"

"ಗ್ರಾಸ್."

"ಯಾಕೆ?"

"ಗಾಡ್."

"ಈ ಕಡ್ಡಿಗಳು?"

"ಗಾಡ್."

"ಈ ಬಾಟಲಿ?"

ಗೋಮೂತ್ರಕ್ಕೆ ಏನು ಹೇಳುವುದೆಂದು ತೋಚದೆ, "ಕೌ... ವಾಟರ್," ಎಂದೆ. ಆಕೆ ಮುಚ್ಚಳ ತೆಗೆದಳು, ತಕ್ಷಣ ಹಾಕಿದಳು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು: ನಿಮ್ಮ ದೇವರ ವಿಷಯದಲ್ಲಿ ನಮ್ಮದೇನೂ ಆಕ್ಷೇಪಣೆ ಇಲ್ಲ, ನಿಮ್ಮ ಹುಲ್ಲಿನ ವಿಷಯದಲ್ಲಿ ಮಾತ್ರ ಇದೆ, ನಿಜ ಬರೆದಿದ್ದಕ್ಕೆ ಧನ್ಯವಾದ. ಎಲ್ಲವನ್ನೂ ಒಂದು ದೊಡ್ಡ ಡಬ್ಬಕ್ಕೆ ಹಾಕಿದಳು. ಮೂವತ್ತು ವರ್ಷದ ಕಸುಬು ಎರಡು ನಿಮಿಷದಲ್ಲಿ ಕಸವಾಯಿತು.

ಹೊರಗೆ ಗಿರೀಶ ಕಾರು ತಂದಿದ್ದ. ಹ್ಯಾಮಿಲ್ಟನ್ನಿಗೆ ಒಂದೂವರೆ ಗಂಟೆ ದಾರಿ. ಎರಡೂ ಕಡೆ ಹುಲ್ಲು ಬಿಟ್ಟರೆ ಇನ್ನೇನೂ ಇಲ್ಲ. ಗುಡ್ಡಕ್ಕೆ ಗುಡ್ಡವೇ ಹುಲ್ಲು, ಅದರ ಮೇಲೆ ನಮ್ಮ ಎರಡು ಹಸುವಿನಷ್ಟು ದಪ್ಪದ ಒಂದೊಂದು ಹಸು. ಇಷ್ಟು ಹುಲ್ಲಿಟ್ಟುಕೊಂಡವರು ನನ್ನ ಒಂದು ಹಿಡಿಯನ್ನು ಕಿತ್ತುಕೊಂಡರಲ್ಲ ಎಂದು ಹೊಟ್ಟೆ ಉರಿಯಿತು.

"ವಿಮಾನದಲ್ಲಿ ಊಟ ಸರಿಯಾಗಿ ಕೊಟ್ರಾ ಮಾಮ?" ಎಂದ ಗಿರೀಶ.

"ಕೊಟ್ರು."

"ಚೆನ್ನಾಗಿತ್ತಾ?"

"ಹೂಂ," ಎಂದು ಕಿಟಕಿಯ ಕಡೆ ತಿರುಗಿದೆ.

ಹ್ಯಾಮಿಲ್ಟನ್, ಪೂಜೆಯ ಹಿಂದಿನ ದಿನ

ಪೂಜೆ ಎಲ್ಲಿ ಎಂದು ನಾನು ಅದುವರೆಗೂ ಕೇಳಿರಲಿಲ್ಲ. ಭಾಗ್ಯ ಕಾಫಿ ಕೊಡುತ್ತ, "ಚರ್ಚಿನ ಹಾಲಲ್ಲಿ, ಮಾಮ," ಎಂದಳು.

ಲೋಟ ಕೈಯಲ್ಲೇ ನಿಂತಿತು.

"ಮನೇಲಿ ಎಪ್ಪತ್ತು ಜನ ಹಿಡಿಸಲ್ಲ. ಇಲ್ಲಿ ಪಾದ್ರಿಗಳು ಪೀಟರ್ ಅಂತ. ಬಾಡಿಗೆ ಏನೂ ಬೇಡ, ಕುರ್ಚಿ ಮಡಚಿಟ್ಟು ಹೋಗಿ ಅಂದ್ರು. ಪಾಪ, ಅವ್ರಿಗೂ ಸುಲಭ ಆಗಿಲ್ಲ. ಮಾರ್ಗರೆಟ್ ಅಂತ ಒಬ್ರು ಅಜ್ಜಿ ಇದಾರೆ, ಅವ್ರ ಸಭೇಲಿ ದೊಡ್ಡ ಜನ. ನಮ್ಮ ಸೂರಿನ ಕೆಳಗೆ ವಿಗ್ರಹ ಪೂಜೆ ಮಹಾಪಾಪ ಅಂತ ಪತ್ರ ಬರೆದು, ಹತ್ತು ಜನರ ಸಹಿ ಹಾಕ್ಸಿ ಕೊಟ್ಟಿದ್ರಂತೆ. ಪೀಟರ್ ಎರಡು ಸಭೇಲಿ ಎದ್ದು ನಿಂತು ವಾದ ಮಾಡಿ ನಮಗೆ ಹಾಲ್ ಕೊಡ್ಸಿದಾರೆ."

ಪತ್ರ, ಸಹಿ ಎಂದ ಕೂಡಲೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆ ಅಜ್ಜಿಯ ಮೇಲೆ ಸಿಟ್ಟೂ ಬಂತು: ಎಂಥ ಸಂಕುಚಿತ ಬುದ್ಧಿ! ಚರ್ಚಿನಲ್ಲಿ ಪೂಜೆ ಮಾಡಿಸುವುದಿಲ್ಲ ಎನ್ನೋಣವೆಂದರೆ ಅಷ್ಟು ದೂರ ಹಾರಿ ಬಂದಾಗಿದೆ. "ದೇವರು ಎಲ್ಲಾ ಕಡೆ ಇದ್ದಾನಮ್ಮ," ಎಂದೆ. ಬಸವೇಶ್ವರನಗರದಲ್ಲಿ ನಾನು ಈ ವಾಕ್ಯ ಬಳಸುವುದು ಕಡಿಮೆ.

ಚರ್ಚಿನ ಹಾಲ್ ನೋಡಲು ಹೋದೆವು. ಪೀಟರ್ ಮಂಡಿಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ಅಂಗಳದ ಹುಲ್ಲು ಕತ್ತರಿಸುತ್ತಿದ್ದರು. ನಾನು ನಮಸ್ಕಾರ ಮಾಡುವುದನ್ನೂ ಮರೆತು ನೆಲ ನೋಡಿದೆ. ಗೋಡೆಯ ಬುಡದಲ್ಲಿ, ಚಳಿಗೆ ಅರ್ಧ ಒಣಗಿ ಅರ್ಧ ಹಸಿರಾಗಿ ಹಬ್ಬಿದ್ದದ್ದು ಗರಿಕೆ. ಸಾಕ್ಷಾತ್ ಗಣಪತಿಯ ಗರಿಕೆ. ಕಣ್ಣಲ್ಲಿ ನೀರು ಬಂತು. ಅದು ನನಗೆ ಬೇಕು ಎಂದು ಭಾಗ್ಯ ಅವರಿಗೆ ಹೇಳಿದಳು. ಅವರು ಕೊಟ್ಟ ಉತ್ತರವನ್ನು ನಗುತ್ತ ನನಗೆ ದಾಟಿಸಿದಳು: "ಈ ಕಳೇನ ಕಿತ್ತುಹಾಕೋಕೆ ಇಪ್ಪತ್ತು ವರ್ಷದಿಂದ ಒದ್ದಾಡ್ತಿದಾರಂತೆ. ಅಷ್ಟೂ ತಗೊಂಡೋಗಿ ಅಂತಿದಾರೆ ಮಾಮ."

ಇಪ್ಪತ್ತೊಂದು ಸಾಕು, ಪ್ರತಿಯೊಂದಕ್ಕೂ ಮೂರು ಎಸಳಿನ ತುದಿ ಇರಬೇಕು ಎಂದೆ. ಆ ಆರಡಿ ಮನುಷ್ಯ ನನ್ನ ಪಕ್ಕ ಒದ್ದೆ ನೆಲದಲ್ಲಿ ಮಂಡಿಯೂರಿ, ಕನ್ನಡಕ ಏರಿಸಿಕೊಂಡು, ಒಂದೊಂದೇ ತುದಿ ಆರಿಸಿ ನನ್ನ ಅಂಗೈಗೆ ಹಾಕತೊಡಗಿದರು. ಹದಿನೇಳೋ ಹದಿನೆಂಟೋ ಎಂದು ಗೊಂದಲವಾದಾಗ ಮತ್ತೆ ಮೊದಲಿಂದ ಎಣಿಸಿದರು. ಎಣಿಸುತ್ತಲೇ ಏನೋ ಕೇಳಿದರು. ಭಾಗ್ಯ ಹೇಳಿದಳು:

"ನಿಮ್ಮ ಬೀದೀಲಿ ಕ್ರಿಶ್ಚಿಯನ್ನರು ಇದಾರಾ ಅಂತ ಕೇಳ್ತಿದಾರೆ."

"ಇದಾರೆ. ನಮ್ಮ ಎದುರು ಮನೇಲೇ."

"ಪ್ರಾರ್ಥನೆಗೆ ಎಲ್ಲಿಗೆ ಹೋಗ್ತಾರೆ ಅಂತೆ."

"ಮನೇಲೇ ಮಾಡ್ಕೋತಾರೆ. ಹದಿನೈದು ಜನ."

"ನೆರೆಹೊರೆಯವ್ರು ಏನೂ ಅನ್ನಲ್ವಾ ಅಂತೆ."

ಅಂಗೈ ತುಂಬ ಅವರು ಕಿತ್ತುಕೊಟ್ಟ ಗರಿಕೆ ಇತ್ತು. ಅವರ ಮಂಡಿ ಕೆಸರಾಗಿತ್ತು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

"ಯಾಕಂತಾರೆ? ಒಡಹುಟ್ಟಿದವರ ಹಾಗಿದೀವಿ," ಎಂದೆ.

ಪೀಟರ್ ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದರು. ಎರಡು ಗರಿಕೆ ಕೆಳಗೆ ಬಿದ್ದವು.

ಹುಣ್ಣಿಮೆ

ಜುಲೈ ತಿಂಗಳು ಅಲ್ಲಿ ಕಡುಚಳಿ. ಪಂಚೆಯುಟ್ಟು, ಬರೀ ಮೈಗೆ ಶಲ್ಯ ಹೊದ್ದು ಕುಳಿತವನ ಹಲ್ಲು ಕಟಕಟ ಎನ್ನುತ್ತಿದ್ದವು. ಎಲ್ಲರೂ ಅದನ್ನು ಬೀಜಾಕ್ಷರ ಎಂದು ತಿಳಿದರು. ಮಾವಿನ ಎಲೆಯ ಬದಲು ಯಾವುದೋ ಮರದ ಎಲೆ. ಬಾಳೆಕಂಬ ಇಲ್ಲದ್ದಕ್ಕೆ ಗಿರೀಶ ರಟ್ಟಿನಲ್ಲಿ ಎರಡು ಕತ್ತರಿಸಿ ಹಸಿರು ಬಣ್ಣ ಬಳಿದಿದ್ದ. ಹಿಂದಿನ ಸಾಲಿನಲ್ಲಿ ಪೀಟರ್ ಕಾಲು ಮಡಚಲು ಹೋಗಿ ಆಗದೆ ಗೋಡೆಗೆ ಒರಗಿದ್ದರು. ಬಾಗಿಲ ಹೊರಗೆ, ಹೊಸ್ತಿಲು ದಾಟದೆ, ಬೆಳ್ಳಿ ಕೂದಲಿನ ಒಬ್ಬ ಅಜ್ಜಿ ಕೋಟಿನ ಜೇಬಿಗೆ ಕೈಯಿಟ್ಟು ನಿಂತಿದ್ದರು. ಮಾರ್ಗರೆಟ್ ಇವರೇ ಎಂದು ಹೇಳಬೇಕಾಗಿರಲಿಲ್ಲ. ರಂಗಸ್ವಾಮಯ್ಯ ಭಾನುವಾರ ಮಾರ್ತಮ್ಮನ ಮಹಡಿಯನ್ನು ದಿಟ್ಟಿಸುವುದೂ ಹಾಗೆಯೇ.

ಪೂಜೆ ಚೆನ್ನಾಗಿಯೇ ಆಯಿತು. ಕೆಟ್ಟದ್ದು ವ್ರತದ ಕಥೆ ಓದುವಾಗ. ಈ ಕಥೆಯನ್ನು ನಾನು ಸಾವಿರ ಸಲ ಓದಿದ್ದೇನೆ, ನಿದ್ದೆಯಲ್ಲೂ ಓದಬಲ್ಲೆ. ದೋಣಿಯಲ್ಲಿ ಏನಿದೆಯಪ್ಪಾ ಎಂದು ಕೇಳಿದ ಸನ್ಯಾಸಿಗೆ ವರ್ತಕ ಸುಳ್ಳು ಹೇಳುವ ಘಟ್ಟ ಬಂತು. ಅವನು ಬರೀ ಸೊಪ್ಪು ಸದೆ ಎನ್ನುತ್ತಾನೆ. ಒಳಗಿದ್ದದ್ದೆಲ್ಲ ಹಾಗೇ ಆಗಿಬಿಡುತ್ತದೆ. ಅಲ್ಲಿಗೆ ನನ್ನ ಓದು ನಿಂತಿತು. ವಿಮಾನ ನಿಲ್ದಾಣದಲ್ಲಿ ಸೊಪ್ಪು ಸದೆಯ ಬಗ್ಗೆ ಅಕ್ಷರಶಃ ನಿಜ ಬರೆದವನು, ಮನುಷ್ಯರ ಬಗ್ಗೆ ಕೇಳಿದಾಗ ಸುಳ್ಳು ಹೇಳಿದ್ದೆ. ನೀರು ಕುಡಿದೆ. ಮತ್ತೆ ಓದಿದೆ, ಮತ್ತೆ ಅಲ್ಲೇ ನಿಂತಿತು. ಭಕ್ತಿಯಿಂದ ಗದ್ಗದರಾದರು ಎಂದು ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮ ಕಸುಬಿನವರನ್ನು ನೋಡಿಯೇ ಗಾದೆ ಮಾಡಿದ್ದಾರೆ. ನನ್ನದು ಬದನೆಕಾಯಿಯಲ್ಲಿ ನಿಂತಿರಲಿಲ್ಲ.

ಪೀಟರ್ ಸಜ್ಜಿಗೆ ಪ್ರಸಾದವನ್ನು ಮೂರು ಸಲ ಕೇಳಿ ಹಾಕಿಸಿಕೊಂಡರು.

ಭಾನುವಾರ

ಪೂಜೆಗೆ ಹಾಲ್ ಕೊಟ್ಟವರ ಋಣಕ್ಕೆ ಅವರ ಭಾನುವಾರದ ಪ್ರಾರ್ಥನೆಗೆ ಹೋಗುವುದು ಮರ್ಯಾದೆ ಎಂದಳು ಭಾಗ್ಯ. ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಕೋಳಿ ತಿಂದಾಗಿದೆ, ನಾಯಿ ಮುಟ್ಟಿದೆ, ಇನ್ನು ಚರ್ಚಿನಲ್ಲಿ ಕುಳಿತರೆ ಹೆಚ್ಚೇನೂ ಆಗದು ಎಂಬ ಧೈರ್ಯ.

ಉಪದೇಶದ ನಡುವೆ ಪೀಟರ್ ಬೆಂಗಳೂರು ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಭಾಗ್ಯ ಕಿವಿಯಲ್ಲಿ ಪಿಸುಗುಟ್ಟಿದಳು: "ನಿಮ್ಮ ಬಗ್ಗೇನೇ ಹೇಳ್ತಿದಾರೆ ಮಾಮ. ಎದುರು ಮನೆಯ ಹದಿನೈದು ಬಡ ಕ್ರಿಶ್ಚಿಯನ್ನರನ್ನ ಈ ಹಿಂದೂ ಪುರೋಹಿತರು ಒಡಹುಟ್ಟಿದವರ ಹಾಗೆ ನೋಡ್ಕೋತಾರೆ, ನಾವು ಒಂದು ದಿನ ಹಾಲ್ ಕೊಡೋಕೆ ಎಷ್ಟು ಜಗಳ ಆಡಿದ್ವಿ, ನಾಚಿಕೆ ಆಗ್ಬೇಕು ಅಂತಿದಾರೆ."

ಚಪ್ಪಾಳೆ ಬಿತ್ತು. ಚರ್ಚಿನಲ್ಲಿ ಚಪ್ಪಾಳೆ ತಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎದ್ದು ಕೈ ಮುಗಿದೆ. ಬೇರೆ ಏನು ಮಾಡಲಿ? ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಹೊರಗೆ ಬಂದಾಗ ಮಾರ್ಗರೆಟ್ ನೇರ ನನ್ನ ಬಳಿ ಬಂದರು. ನಿಮ್ಮ ಪೂಜೆಗೆ ಅಡ್ಡಿ ಮಾಡಿ ಪತ್ರ ಬರೆದವಳು ನಾನೇ, ಅದು ತಪ್ಪಾಗಿತ್ತು, ಕ್ಷಮಿಸಿ ಎಂದರು; ಭಾಗ್ಯ ಕನ್ನಡದಲ್ಲಿ ಹೇಳಿದಳು. ಎಂಬತ್ತು ದಾಟಿದ ಹೆಂಗಸು, ಜನರ ನಡುವೆ ನಿಂತು, ಎರಡೇ ವಾಕ್ಯದಲ್ಲಿ ಮುಗಿಸಿದರು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಚೀಲದಿಂದ ದೊಡ್ಡದೊಂದು ಕಾರ್ಡು ತೆಗೆದು ಎಲ್ಲರಿಂದ ಸಹಿ ಹಾಕಿಸಿದರು. ನಲವತ್ತು ಸಹಿ. ನಿಮ್ಮ ಎದುರು ಮನೆಯವರಿಗೆ ನಮ್ಮ ಪ್ರೀತಿ ತಲುಪಿಸಿ ಎಂದು ನನ್ನ ಕೈಗಿಟ್ಟರು.

ಅವತ್ತು ಮಧ್ಯಾಹ್ನ ಕಾಲಿಂಗ್ ಕಾರ್ಡಿನ ನಂಬರು ಉಜ್ಜಿ ತೆಗೆದು ರಂಗಸ್ವಾಮಯ್ಯನವರಿಗೆ ಫೋನ್ ಮಾಡಿದೆ. ಕಾಗದ ನಿಲ್ಲಿಸಿ ಎಂಬ ಎರಡು ಮಾತು ಹೇಳಬೇಕಾಗಿತ್ತು.

"ಓಹೋ ಶಾಸ್ತ್ರಿಗಳೇ! ಕಾಗದ ನೀವು ಹೋದ ವಾರವೇ ತಲುಪಿಸ್ದೆ. ಪುಟ್ಟಸ್ವಾಮಿ ನಿಮ್ಮ ಸಹಿ ನೋಡಿ ಕಣ್ಣಿಗೊತ್ತಿಕೊಂಡ. ಎಲ್ಲಾ ನಿಮ್ಮ ಕೃಪೆ. ಗಣೇಶನ ಹಬ್ಬದ ಪೂಜೇನೂ ನಿಮ್ಮದೇ ಅಂತ ಸಂಘದಲ್ಲಿ ಗೊತ್ತು ಮಾಡಿದೀವಿ. ಏನು ವಿಷಯ ಫೋನ್ ಮಾಡಿದ್ದು?"

"ಏನಿಲ್ಲ. ಇಲ್ಲಿ ಚಳಿ ಜಾಸ್ತಿ ಇದೆ," ಎಂದೆ.

ಮಾರ್ಗರೆಟ್ ಎರಡು ವಾಕ್ಯದಲ್ಲಿ ಮುಗಿಸಿದ್ದನ್ನು ನನಗೆ ಒಂದು ವಾಕ್ಯದಷ್ಟೂ ಹೇಳಲಾಗಲಿಲ್ಲ. ಈ ಪ್ರವಾಸದಲ್ಲಿ ನಾನು ಮಾಡಿದ ಪಾಪ ಯಾವುದೆಂದು ಯಾರಾದರೂ ಕೇಳಿದರೆ ಆ ಫೋನ್ ಕರೆ ಎನ್ನುತ್ತೇನೆ. ಕೋಳಿ ಅಲ್ಲ.

ಮತ್ತೆ ಮೂರನೇ ಹಂತ

ಶನಿವಾರ ಬೆಳಿಗ್ಗೆ ಮನೆ ತಲುಪಿದೆ. ಸಾವಿತ್ರಿ ಕಾಫಿ ಕೊಟ್ಟು ಎದುರಿಗೆ ಕುಳಿತಳು.

"ಮಾರ್ತಮ್ಮ ತಿಂಗಳ ಕೊನೆಗೆ ಖಾಲಿ ಮಾಡ್ತಿದಾರೆ. ನಿಮ್ಮ ಕಾಗದ ಚೆನ್ನಾಗಿ ಕೆಲಸ ಮಾಡ್ತು. ಸಮಾಧಾನ ಆಯ್ತೇನ್ರೀ?"

ಕಾಫಿ ಅಲ್ಲೇ ಬಿಟ್ಟು ಮೊಪೆಡ್ ತೆಗೆದೆ. ವಿಜಯನಗರದಲ್ಲಿ ಪುಟ್ಟಸ್ವಾಮಿ ಪೇಪರ್ ಓದುತ್ತಿದ್ದ. ಕಾಗದ ವಾಪಸ್ ತಗೋತೀನಿ, ಅವರನ್ನು ಇರಗೊಡು ಎಂದೆ.

"ಏನ್ ಶಾಸ್ತ್ರಿಗಳೇ, ಬರೆದಿದ್ದೂ ನೀವೇ, ಪಾಪ ಅಂದಿದ್ದೂ ನೀವೇ. ಮೂರು ವಾರದಲ್ಲಿ ಪಾಪ ಹೊರಟೋಯ್ತಾ?"

"ತಪ್ಪಾಯ್ತಪ್ಪ."

"ನಂದೂ ಮಾತು ಕೊಟ್ಟಾಗಿದೆಯಲ್ಲ. ಟ್ಯೂಷನ್ ಸೆಂಟರ್‌ನೋರು ಬರ್ತಿದಾರೆ. ಬೆಳಿಗ್ಗೆ ಸಂಜೆ ಅರವತ್ತು ಮಕ್ಕಳಂತೆ. ನಿಮಗೂ ಶಾಂತಿ ಬೇಕು ಅಂತಿದ್ರಲ್ಲ," ಎಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ತಿಳಿಯಲಿಲ್ಲ.

ಮರುದಿನ ಹತ್ತು ಗಂಟೆಗೆ ಕಾರ್ಡು ಹಿಡಿದು ಎದುರು ಮನೆಯ ಮೆಟ್ಟಿಲು ಹತ್ತಿದೆ. ಮಾರ್ತಮ್ಮ ಬಾಡಿಗೆಗೆ ಬಂದ ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಒಳಗೆ ಅರ್ಧ ಸಾಮಾನು ಗಂಟು ಕಟ್ಟಿತ್ತು. ಹೊಲಿಗೆ ಯಂತ್ರ ಗೋಣಿತಾಟಿನಲ್ಲಿ ಸುತ್ತಿತ್ತು. ಚಾಪೆಯ ಮೇಲಿದ್ದವರೆಲ್ಲ ನನ್ನನ್ನು ಕಂಡು ದಡಬಡ ಎದ್ದರು.

"ಬರ್ರಿ ಶಾಸ್ತ್ರಿಗಳ, ಕುಂದರ್ರಿ," ಎಂದರು ಮಾರ್ತಮ್ಮ.

ಕೂರದೆ ಕಾರ್ಡು ಕೊಟ್ಟೆ. ಅವರಲ್ಲಿ ಇಂಗ್ಲಿಷ್ ಓದಬಲ್ಲವರು ಒಬ್ಬ ಸೆಕ್ಯುರಿಟಿ ಗಾರ್ಡ್, ನನ್ನದೇ ವಯಸ್ಸಿನವರು. ಅವರು ನಿಧಾನವಾಗಿ ಓದಿ ಎಲ್ಲರಿಗೂ ಹೇಳಿದರು: "ನ್ಯೂಜಿಲೆಂಡ್‌ನೋರು ನಮಗೆಲ್ಲ ಪ್ರೀತಿ ತಿಳಿಸಿದಾರೆ. ಶಾಸ್ತ್ರಿಗಳು ನಮ್ಮನ್ನ ಒಡಹುಟ್ಟಿದೋರ ಥರ ಕಾಪಾಡ್ತಿದಾರಂತೆ. ಅಂಥ ನೆರೆಯವ್ರು ಸಿಗೋಕೆ ಪುಣ್ಯ ಮಾಡಿರ್ಬೇಕು ಅಂತ ಬರೆದಿದಾರೆ."

ಗಂಟು ಮೂಟೆಗಳ ನಡುವೆ ಯಾರೋ ಕೆಮ್ಮಿದರು.

"ಅದು ಸುಳ್ಳು," ಎಂದೆ. "ಅಲ್ಲಿ ಮರ್ಯಾದೆ ಉಳಿಸ್ಕೊಳೋಕೆ ಹಾಗೆ ಹೇಳ್ದೆ. ನಿಮ್ಮ ಓನರ್‌ಗೆ ಕಾಗದ ಬರೆದೋನು ನಾನು. ನಿನ್ನೆ ಹೋಗಿ ಕೇಳಿದ್ರೆ ಅವನು ಒಪ್ಪಲಿಲ್ಲ. ನನ್ನಿಂದ ನಿಮಗೆ ಅನ್ಯಾಯ ಆಯ್ತು."

"ಗೊತ್ತೈತ್ರಿ. ಓನರ್ ಕಾಗದ ತೋರ್ಸಿದ್ರು," ಎಂದರು ಮಾರ್ತಮ್ಮ. "ಅಕ್ಷರ ಭಾಳ ಛಂದ ಅದಾವ್ರಿ."

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಏನಾದರೂ ಮಾಡಲೇಬೇಕು ಎನ್ನಿಸಿ, "ಬೇರೆ ಮನೆ ಸಿಗೋವರೆಗೂ ಭಾನುವಾರ ನಮ್ಮ ಕೆಳಗಿನ ಹಾಲಲ್ಲಿ ಪ್ರಾರ್ಥನೆ ಮಾಡ್ಕೊಳಿ," ಎಂದೆ. ರಂಗಸ್ವಾಮಯ್ಯನವರು, ಗಣೇಶನ ಹಬ್ಬ, ಎಲ್ಲಾ ಕಣ್ಣಮುಂದೆ ಬಂದು ಹೋದವು. ಆದರೂ ಹೇಳಿದೆ. ಹೇಳಿ ನನಗೆ ನಾನೇ ಸ್ವಲ್ಪ ದೊಡ್ಡವನಾಗಿ ಕಂಡೆ.

ಅವರೆಲ್ಲ ಮುಖ ಮುಖ ನೋಡಿಕೊಂಡರು. ಮಾರ್ತಮ್ಮನಿಗೆ ನಗು ಬಂತು.

"ನಿಮ್ಮ ಮನಸು ದೊಡ್ಡದು ಖರೆ. ಆದ್ರ ಆಗಂಗಿಲ್ರಿ. ಹೋಮ ಮಾಡೋ ಮನಿಯಾಗ, ಮೂರ್ತಿ ಇಟ್ಟಲ್ಲಿ ಪ್ರಾರ್ಥನಿ ಮಾಡಿದ್ರ ಪಾಪ ಬರ್ತೈತಿ ಅಂತಾರ ನಮ್ಮ ಪಾಸ್ಟರು."

ತಲೆಯಾಡಿಸಿದೆ. ಮೂವತ್ತು ವರ್ಷ ಅದೇ ತೀರ್ಪು ಕೊಟ್ಟು ಜೀವನ ಮಾಡಿದವನು, ಅದರಲ್ಲಿ ತಪ್ಪು ಹುಡುಕಲು ಯಾವ ಬಾಯಿ? ಹೊರಡಲು ತಿರುಗಿದೆ. ಆಗ ಸೆಕ್ಯುರಿಟಿ ಗಾರ್ಡ್ ಹೇಳಿದರು:

"ಅಂತೂ ಸುಖವಾಗಿ ಬಂದ್ರಲ್ಲ ಸಾರ್. ವಯಸ್ಸಾದೋರು ಮೊದಲ್ನೇ ಸಲ ವಿಮಾನ ಹತ್ತಿದಾರೆ ಅಂತ ಮಾರ್ತಮ್ಮ ಹೇಳಿದ್ರು. ಪ್ರತಿ ಭಾನುವಾರ ಇಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡಿದೀವಿ."

ಬಾಗಿಲಿಂದ ಹಿಂದಕ್ಕೆ ತಿರುಗಿದೆ. ಆ ಸದ್ದನ್ನೇ ನಾನು ಶಾಂತಿಭಂಗ ಎಂದು ಬರೆದಿದ್ದು.

"ಕಾಗದದ ವಿಷಯ ಗೊತ್ತಾಗೋಕೆ ಮುಂಚೆ ತಾನೇ?" ಎಂದೆ.

"ಮದಲನೇ ವಾರ ಗೊತ್ತಿರ್ಲಿಲ್ರಿ," ಎಂದರು ಮಾರ್ತಮ್ಮ. "ಎರಡನೇ ವಾರ ಗೊತ್ತಾತು. ಇವರೆಲ್ಲಾರೂ ಸಿಟ್ಟಾದ್ರು. ಇನ್ನ ಆ ಶಾಸ್ತ್ರಿ ಹೆಸರು ಬ್ಯಾಡ, ಬಿಟ್ಟುಬಿಡೂಣು ಅಂದ್ರು."

"ನೀವೇನಂದ್ರಿ?"

"ನಾ ಏನನ್ಲಿ? ಅವರು ಇನ್ನೂ ವಿಮಾನ ಹತ್ತಿ ವಾಪಸ್ ಬರೋದೈತಿ. ಮದ್ಲ ಸುಖವಾಗಿ ಇಳೀಲಿ, ಸಿಟ್ಟು ಆಮ್ಯಾಲ ಮಾಡೂಣು ಅಂದೆ." ಆಕೆ ಕಾರ್ಡನ್ನು ಜೋಪಾನವಾಗಿ ಮಡಚಿ ಗಂಟಿನೊಳಗೆ ಇಟ್ಟು ನನ್ನ ಕಡೆ ತಿರುಗಿದರು. "ಈಗ ಇಳದೀರಿ. ನಡೀರಿ, ನಮಗೊಂದು ಮನಿ ಹುಡುಕ್ಕೊಡ್ರಿ."